ಪಕ್ಕದ ಸಾಲು

ಇದು ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು. ಕಡೆಗೆ ನನಗೂ ಆಯಿತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಅವನು ಎರಡನೇ ಪಾಳಿ ಮುಗಿಸಿ ಮನೆಗೆ ಬರುತ್ತಿದ್ದ. ಹನ್ನೊಂದು ದಾಟಿತ್ತು. ನಾವಿಬ್ಬರೂ ಹೆಂಚಿನ ಕಾರ್ಖಾನೆಯವರು. ಕಾರ್ಖಾನೆ ಗೇಟಿನಿಂದ ನಮ್ಮ ಓಣಿಗೆ ಇರುವುದು ಒಂದೇ ದಾರಿ. ದಾರಿಯ ನಡುವೆ ಬಾವಿ. ಮಣ್ಣು ಕಲಸುವುದಕ್ಕೆ ನೀರು ಅದರಿಂದಲೇ ಹೋಗಬೇಕು. ಹಗಲಿಡೀ ಪಂಪು ಓಡುತ್ತದೆ. ರಾತ್ರಿ ನಿಲ್ಲಿಸುತ್ತಾರೆ. ಆಮೇಲೆ ಅಲ್ಲಿ ಸದ್ದು ಇರುವುದಿಲ್ಲ.

ಆ ರಾತ್ರಿ ಇತ್ತು.

ಠಣ್...

ಅವನು ನಿಂತ.

ಠಣ್... ಠಣ್...

ಬಾವಿಯ ಒಳಗಿಂದ. ಯಾರೋ ಬೆರಳು ಮಡಿಚಿ ಹೆಂಚು ತಟ್ಟುವ ಹಾಗೆ. ಒಂದು ತಟ್ಟು. ಕೇಳಿಸಿಕೊಳ್ಳುವಷ್ಟು ಹೊತ್ತು ಬಿಡುವು. ಇನ್ನೊಂದು ತಟ್ಟು.

ಬೇರೆ ಯಾರಾದರೂ ಆಗಿದ್ದರೆ ಏನೋ ನೀರು ತೊಟ್ಟಿಕ್ಕುತ್ತಿದೆ ಅಂದುಕೊಂಡು ಹೋಗುತ್ತಿದ್ದರು. ಅವನಿಗೆ ಹಾಗಾಗಲಿಲ್ಲ. ಆಗ ಹದಿನಾಲ್ಕು ವರ್ಷದಿಂದ ಅವನ ಕೆಲಸವೇ ಅದಾಗಿತ್ತು. ಭಟ್ಟಿಯಿಂದ ಬೆಂದು ಬಂದ ಹೆಂಚು ಮೊದಲು ಅವನ ಮುಂದೆ ಬರುತ್ತದೆ. ಎರಡು ಬೆರಳು ಮಡಿಚಿ ತಟ್ಟುತ್ತಾನೆ. ಠಣ್ ಅಂದರೆ ಗಟ್ಟಿ. ಲಾರಿಗೆ. ಠಪ್ ಅಂದರೆ ಒಳಗೆಲ್ಲೋ ಬಿರುಕು, ಕಣ್ಣಿಗೆ ಕಾಣದ್ದು. ಪಕ್ಕದ ಸಾಲಿಗೆ. ಗೋಡೆಗೆ ಒರಗಿಸಿ ನಿಲ್ಲಿಸುತ್ತಾನೆ. ಅವನು ಪಕ್ಕಕ್ಕಿಟ್ಟ ಹೆಂಚನ್ನು ಒಡೆದು ನೋಡಿದರೆ ಬಿರುಕು ಇದ್ದೇ ಇರುತ್ತದೆ. ಅದಕ್ಕೇ ಎಲ್ಲರೂ ಅವನನ್ನು ಕಿವಿ ಅನ್ನುತ್ತೇವೆ. ಸಾವಿರ ಹೆಂಚಿನ ಸದ್ದು ಕೇಳುತ್ತೆ, ನಾನು ಕೂಗಿದ್ದೊಂದು ಕೇಳಲ್ಲ ಅಂತ ಅವನ ಹೆಂಡತಿ ಹೇಳುವುದುಂಟು.

ಬಾವಿಯಿಂದ ಇನ್ನೊಂದು ಸದ್ದು ಬಂತು.

ಠಪ್.

ಕಿವಿ ಬಗ್ಗಿ ನೋಡಲಿಲ್ಲ. ಓಡಲೂ ಇಲ್ಲ. ನಡೆದ... ಬೇಗ ನಡೆದ, ಅಷ್ಟೇ.

ಆ ರಾತ್ರಿಯೇ ಅವನ ಮನೆಯ ಮೇಲೆ ಶುರುವಾಯಿತು.

ಅದಕ್ಕೂ ಮೊದಲು ಒಂದು ಮಧ್ಯಾಹ್ನದ್ದು ಹೇಳಬೇಕು. ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ.

ಅದು ಬಾವಿಯ ಸದ್ದಿಗೆ ಮೂರು ತಿಂಗಳ ಮೊದಲು. ಊಟದ ಹೊತ್ತು. ಹಸಿ ಹೆಂಚು ಒಣಗಿಸುವ ಶೆಡ್ಡಿನಲ್ಲಿ ಮರದ ಅಟ್ಟ ಇದೆ. ಮೇಲೆ ಹೆಂಚು ಜೋಡಿಸಿರುತ್ತಾರೆ. ಕೆಳಗೆ ತಂಪು ಅಂತ ಕೆಲವರು ಅಲ್ಲೇ ಕೂತು ಉಣ್ಣುತ್ತಾರೆ. ನನ್ನವಳೂ ಅಲ್ಲೇ. ಅಚ್ಚಿನಿಂದ ತೆಗೆದ ಹೆಂಚು ಹೊತ್ತು ಜೋಡಿಸುವುದು ಅವಳ ಕೆಲಸ.

ಅಟ್ಟ ಕುಸಿಯಿತು. ಮೊದಲು ಉದ್ದಕ್ಕೆ ಕಿರ್ರ್... ಅಂತು. ಆಮೇಲೆ ಒಂದೇ ಸಲ ಧೊಪ್. ಒಣ ಹೆಂಚಾಗಿದ್ದರೆ ದಡದಡ ಅನ್ನುತ್ತಿತ್ತು. ಹಸಿ ಮಣ್ಣು ಹಾಗನ್ನುವುದಿಲ್ಲ.

ನಾನು ಭಟ್ಟಿಗೆ ಕಟ್ಟಿಗೆ ಹಾಕುವವನು. ಬಿಟ್ಟು ಓಡಿ ಬಂದೆ. ಎಲ್ಲರೂ ಬಂದರು. ರಸ್ತೆಯಲ್ಲಿ ಹೋಗುತ್ತಿದ್ದವರೂ ಸೈಕಲ್ ಬಿಸಾಕಿ ಬಂದರು. ಕೈಯಲ್ಲೇ ಬಗೆದೆವು. ಹದಿಮೂರು ಜನರನ್ನು ಎಳೆದು ಅಂಗಳಕ್ಕೆ ಹಾಕಿದೆವು. ಮುಖ, ಕೂದಲು, ಬಟ್ಟೆ, ಎಲ್ಲ ಮಣ್ಣು. ಎಲ್ಲರೂ ಒಂದೇ ಬಣ್ಣ. ಗಂಡಸು ಹೆಂಗಸು ಗೊತ್ತಾಗುವುದೇ ಕಷ್ಟ.

ಆಸ್ಪತ್ರೆ ಮುಕ್ಕಾಲು ಗಂಟೆಯ ದಾರಿ. ಆಂಬುಲೆನ್ಸಿಗೆ ಫೋನ್ ಮಾಡಿದರು. ಹೊರಟಿದೆ ಅಂದರು. ಎಲ್ಲಿಂದ ಹೊರಟಿದೆ ಅಂದರೆ ಫೋನ್ ಇಟ್ಟರು. ಅಂಗಳದಲ್ಲಿ ಒಂದು ಲಾರಿ ಇತ್ತು. ಅರ್ಧ ಹೆಂಚು ತುಂಬಿತ್ತು. ಇಳಿಸುತ್ತಾ ಕೂತರೆ ಹೊತ್ತು ಹೋಗುತ್ತದೆ.

"ಮಿಕ್ಕ ಜಾಗದಲ್ಲಿ ಒತ್ತಿ ಮಲಗಿಸಿದರೆ ಒಂಬತ್ತು," ಅಂದ ಡ್ರೈವರು. "ಯಾರನ್ನ ಮೊದಲು?"

ನಾವು ಮಣ್ಣು ಕಲಸುವವರು, ಬೆಂಕಿ ಹಾಕುವವರು. ನಮಗೆ ಏನು ಗೊತ್ತು. ಮೇಸ್ತ್ರಿ ಸುತ್ತ ನೋಡಿದ. ಕಿವಿಯ ಮೇಲೆ ಕಣ್ಣು ನಿಂತಿತು.

"ನೀನು ನೋಡಪ್ಪ. ದಿನಾ ಆರಿಸೋನು ನೀನೇ ತಾನೆ."

"ಅವು ಹೆಂಚು, ಮೇಸ್ತ್ರಿ."

"ನಿನಗೆ ಅಷ್ಟಾದರೂ ಗೊತ್ತು. ನಮಗೆ ಅದೂ ಇಲ್ಲ. ಬೇಗ ನೋಡಪ್ಪ."

ಕಿವಿ ನೋಡಿದ. ತನಗೆ ಗೊತ್ತಿದ್ದ ಹಾಗೆ ನೋಡಿದ. ಒಬ್ಬೊಬ್ಬರ ಹೆಗಲ ಮೂಳೆಯ ಮೇಲೆ ಎರಡು ಬೆರಳಲ್ಲಿ ತಟ್ಟಿದ. "ಕೇಳಿಸ್ತಾ?" ಅಂದ. ಕಿವಿ ಕೊಟ್ಟು ಕೇಳಿದ. ಗಟ್ಟಿಯಾಗಿ ಕೂಗಿದವರು ಲಾರಿಗೆ. ಅಮ್ಮಾ ಅಂದವರು, ನೀರು ಕೇಳಿದವರು, ಅವನಿಗೇ ಬೈದವರು, ಲಾರಿಗೆ. ದನಿ ಏಳದವರು ಪಕ್ಕಕ್ಕೆ. ಗೋಡೆಯ ನೆರಳಲ್ಲಿ ಸಾಲಾಗಿ ಮಲಗಿಸಿದ. ತಲೆ ತಾಗದ ಹಾಗೆ, ಎರಡು ಕೈಯಲ್ಲಿ ಹಿಡಿದು ಮಲಗಿಸಿದ. ಅದನ್ನೂ ಹೇಳಬೇಕು.

ನಾವು ಯಾರೂ ಬೇಡ ಅನ್ನಲಿಲ್ಲ. ಕೂಗುವವನಿಗೆ ನೋವು ಜಾಸ್ತಿ, ಸುಮ್ಮನಿರುವವನು ತಡೆದುಕೊಳ್ಳುತ್ತಾನೆ... ಹಾಗೇ ಕಂಡಿತು ನಮಗೆ.

ಲಾರಿಯಲ್ಲಿ ಎಂಟು ಜನ ಆದರು. ಎಂಟನೆಯವನಿಗೆ ತೊಡೆ ಮುರಿದಿತ್ತು. ಅವನ ಕೂಗಿಗೆ ಬೇರೆ ಏನೂ ಕೇಳುತ್ತಿರಲಿಲ್ಲ.

"ಯಾರಾದರೂ ಹತ್ತಿ ಇವನ ಕಾಲು ಹಿಡ್ಕೊಳ್ರಪ್ಪ," ಅಂದ ಡ್ರೈವರು.

ನಾನು ಹತ್ತಿದೆ. ಹತ್ತುವ ಮೊದಲು ಆ ಸಾಲಿನ ಪಕ್ಕದಲ್ಲೇ ಹಾದು ಹೋದೆ. ಐದು ಜನ ಮಲಗಿದ್ದರು. ಬಗ್ಗಿ ನೋಡಲಿಲ್ಲ. ನನ್ನವಳು ಉಂಡ ಮೇಲೆ ಡಬ್ಬಿ ತೊಳೆಯೋಕೆ ಬಾವಿಯ ಹತ್ತಿರ ಹೋಗುತ್ತಾಳೆ. ಅಲ್ಲಿದ್ದಾಳೆ ಅಂದುಕೊಂಡೆ. ಆಮೇಲೆ ಕೇಳಿದವರಿಗೆಲ್ಲ ಹಾಗೇ ಹೇಳಿದ್ದೇನೆ.

ಲಾರಿ ವಾಪಸ್ಸು ಹೋಗುವಷ್ಟರಲ್ಲಿ ಸಾಲಿನಲ್ಲಿ ನಾಲ್ವರು ತೀರಿಹೋಗಿದ್ದರು. ಒಬ್ಬಳಿಗೆ ಇನ್ನೂ ಉಸಿರಿತ್ತು. ಎರಡನೇ ಸಲಕ್ಕೆ ಅವಳನ್ನು ತಂದರು. ಜೊತೆಗೆ ಬಂದವನು ಕಿವಿ. ನಾನು ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ದೆ. ನರ್ಸಮ್ಮ ಒದ್ದೆ ಬಟ್ಟೆಯಿಂದ ಅವಳ ಮುಖ ಒರೆಸಿದರು. ಹಣೆ ಕಂಡಿತು. ಆಮೇಲೆ ಮೂಗು...

ನನ್ನವಳು ಸಾಯಂಕಾಲದವರೆಗೆ ಇದ್ದಳು. ಕಣ್ಣು ಬಿಡಲಿಲ್ಲ.

ರಾತ್ರಿ ನರ್ಸಮ್ಮ ನಮ್ಮಿಬ್ಬರ ಹತ್ತಿರ ಬಂದು ನಿಂತರು. ಬೈಯಲಿಲ್ಲ. ಮೆತ್ತಗೇ ಹೇಳಿದರು.

"ಕೂಗೋಕೆ ಉಸಿರು ಬೇಕಪ್ಪ. ಕೂಗ್ತಿದ್ದೋರು ಇನ್ನೊಂದು ಗಂಟೆ ಕಾಯ್ತಿದ್ರು. ಸದ್ದಿಲ್ಲದೆ ಬಿದ್ದಿದ್ದೋರನ್ನ ಮೊದಲು ತರಬೇಕಿತ್ತು. ನಿಮಗೆ ಹೇಳಿಕೊಟ್ಟೋರು ಯಾರು, ಬಿಡಿ."

"ತಂದಿದ್ರೆ ಉಳೀತಿದ್ರಾ?" ಅಂದ ಕಿವಿ.

"ಇಬ್ಬರು ಹೇಗೂ ಇಲ್ಲ. ಮಿಕ್ಕ ಮೂವರು... ಹೇಳೋಕಾಗಲ್ಲ."

ನನ್ನವಳು ಆ ಮೂವರಲ್ಲಿ ಒಬ್ಬಳು.

ಅಲ್ಲಿಂದ ಮೂರು ತಿಂಗಳು ನಾನು ಕಿವಿಯ ಜೊತೆ ಮಾತಾಡಲಿಲ್ಲ. ಜಗಳ ಏನಿಲ್ಲ. ಎದುರಿಗೆ ಸಿಕ್ಕರೆ ತಲೆ ಆಡಿಸುತ್ತಿದ್ದೆ. ಅವನಿಗೆ ಒಂದು ಮಾತು ಬೇಕಿತ್ತು. ಬೈಯಲಿ, ಹೊಡೆಯಲಿ, ಹೋಗಲಿ ಬಿಡು ಅನ್ನಲಿ, ಏನಾದರೂ ಒಂದು. ನಾನು ಕೊಡಲಿಲ್ಲ. ಓಣಿಯವರೂ ತಪ್ಪೆಲ್ಲ ಅವನದೇ ಅನ್ನುವ ಹಾಗೆ ನೋಡುತ್ತಿದ್ದರು. ನೋಡಲಿ ಅಂತ ನಾನು ಬಿಟ್ಟೆ.

ಆಗ ಈ ಬಾವಿಯ ಸದ್ದು. ಅದರ ಹಿಂದೆಯೇ ಮನೆಯ ಮೇಲಿನ ಸದ್ದು.

ಐದನೇ ದಿನ ಬೆಳಿಗ್ಗೆ ಕಿವಿಯ ಹೆಂಡತಿ ನನ್ನ ಬಾಗಿಲಿಗೆ ಬಂದಳು. ಕಣ್ಣು ಊದಿತ್ತು.

"ಭಾವ, ನೀವು ಬಂದು ಅವರಿಗೆ ಒಂದು ಮಾತು ಹೇಳಬೇಕು."

"ಏನಾಯ್ತು?"

"ರಾತ್ರಿ ಯಾರೋ ನಮ್ಮ ಮಾಡಿನ ಹೆಂಚು ತಟ್ತಾರೆ. ಆ ತುದಿಯಿಂದ ಈ ತುದಿಗೆ. ಒಂದೊಂದೇ. ಒಂದು ಠಪ್ ಅನ್ನುತ್ತೆ. ಆಮೇಲೆ ಸರ್... ಅಂತ ಅದನ್ನ ಎಳೀತಾರೆ. ಬೆಳಿಗ್ಗೆ ನೋಡಿದರೆ ಹೆಂಚು ಕೆಳಗಿರುತ್ತೆ. ಗೋಡೆಗೆ ಒರಗಿಸಿ ಇಟ್ಟಿರ್ತಾರೆ. ದಿನಕ್ಕೊಂದು. ನಾಲ್ಕಾಯ್ತು."

"ಬೆಕ್ಕಿರಬೇಕು."

"ನಾನೂ ಮೊದಲ ದಿನ ಬೆಕ್ಕು ಅಂದೆ. ಹೆಂಚು ಇಳಿಸಿ, ಒಡೆಯದ ಹಾಗೆ ಗೋಡೆಗೆ ಒರಗಿಸೋ ಬೆಕ್ಕಾದರೆ ಹಿಡ್ಕೊಂಡು ಬಾ, ಮೇಸ್ತ್ರಿಗೆ ಹೇಳಿ ಕೆಲಸಕ್ಕೆ ಹಾಕಿಸ್ತೀನಿ ಅಂತ ಅವರು ನಕ್ಕರು. ಆಮೇಲೆ ನಗಲಿಲ್ಲ ಅವರು. ಆ ದಿನದಿಂದ ನಕ್ಕೇ ಇಲ್ಲ."

ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು.

"ಐದು ಜನರನ್ನ ಪಕ್ಕಕ್ಕಿಟ್ಟೆ, ಐದು ಹೆಂಚು ಇಳಿಯುತ್ತೆ ಅಂತಾರೆ. ಐದನೇದು ಇಳಿದ ರಾತ್ರಿ ನಾನೂ ಹೋಗ್ತೀನಿ ಅಂತ ಕೂತಿದ್ದಾರೆ. ಎರಡು ದಿನದಿಂದ ಊಟ ಇಲ್ಲ. ನಿನ್ನೆ ಇಳಿದದ್ದು ಅವರ ಹಾಸಿಗೆ ಪಕ್ಕದ್ದು, ಭಾವ. ಇವತ್ತು ತಲೆ ಮೇಲಿಂದು. ನಾನು ಏಳಿ, ತವರಿಗೆ ಹೋಗೋಣ ಅಂದರೆ ಏಳಲ್ಲ. ಕರೆಯೋರು ಅಲ್ಲಿಗೂ ಬರ್ತಾರೆ ಅಂತಾರೆ."

"ನಾನು ಬಂದರೆ ಏನಾಗುತ್ತೆ?"

"ಗೊತ್ತಿಲ್ಲ. ನೀವು ಬಂದರೆ ಏನಾಗುತ್ತೋ, ಬರದೇ ಇದ್ದರೆ ಏನಾಗುತ್ತೆ ಅಂತ ನನಗೆ ಗೊತ್ತು."

ಅವಳನ್ನು ತವರಿಗೆ ಕಳಿಸಿದೆ. ಕತ್ತಲಾದ ಮೇಲೆ ಅವನ ಮನೆಗೆ ಹೋದೆ. ನಾಲ್ಕು ಹೆಂಚು ಗೋಡೆಗೆ ಒರಗಿ ನಿಂತಿದ್ದವು. ಕಾರ್ಖಾನೆಯಲ್ಲಿ ಅವನು ನಿಲ್ಲಿಸುವ ಹಾಗೇ. ಒಂದನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದೆ. ಬಿರುಕು ಕಾಣಲಿಲ್ಲ. ತಟ್ಟಿದೆ. ಠಪ್. ಮಿಕ್ಕ ಮೂರೂ ಹಾಗೇ. ಕಿವಿ ತನ್ನ ಮನೆಗೆ ಅಂತ ತನ್ನ ಕೈಯಲ್ಲೇ ತಟ್ಟಿ ಆರಿಸಿ ಹಾಕಿಕೊಂಡ ಹೆಂಚು ಅವು.

ಕಿವಿ ಒಳಗೆ ಮಲಗಿದ್ದ. ನನ್ನನ್ನು ನೋಡಿ ಎದ್ದು ಕೂತ. ಮೂರು ತಿಂಗಳಲ್ಲಿ ಅರ್ಧ ಆಗಿದ್ದ.

"ಬಂದೆಯಾ ಅಣ್ಣ," ಅಂದ.

"ಹೂಂ. ಊಟ?"

"ಬೇಡ."

ಅವನ ಪಕ್ಕದಲ್ಲೇ ಚಾಪೆ ಹಾಸಿಕೊಂಡೆ. ದೀಪ ಆರಿಸಿದೆವು. ಮಾಡಿನಲ್ಲಿ ನಾಲ್ಕು ಕಡೆ ಹೆಂಚಿಲ್ಲದ ಜಾಗ. ಅಲ್ಲಿ ಆಕಾಶ ಕಾಣುತ್ತಿತ್ತು.

ಬಹಳ ಹೊತ್ತಾಯಿತು.

"ಅಣ್ಣ... ನಿದ್ದೆ ಬಂತಾ?"

"ಇಲ್ಲ."

"ಅತ್ತಿಗೆ ಅಂತ ನನಗೆ ಗೊತ್ತಾಗಿತ್ತು."

ನಾನು ಅವನ ಕಡೆ ಹೊರಳಿದೆ.

"ಮಣ್ಣಲ್ಲಿ ಮುಖ ಕಾಣಲಿಲ್ಲ. ತಟ್ಟಿ, ಕೇಳಿಸ್ತಾ ಅಂದೆ. ಹೂಂ ಅಂದರು. ಅಷ್ಟೇ. ಆ ದನಿ ಯಾರದು ಅಂತ ನನಗೆ ಗೊತ್ತಾಗಲ್ವಾ. ಎಷ್ಟು ವರ್ಷ ಅವರ ಕೈಯಲ್ಲಿ ಉಂಡಿದ್ದೀನಿ."

"ಮತ್ತೆ?"

"ಲಾರಿಯಲ್ಲಿ ಇನ್ನೂ ಒಂದು ಜಾಗ ಇತ್ತು. ನಮ್ಮವರನ್ನ ಹತ್ತಿಸಿಬಿಟ್ಟ ಅಂತ ಜನ ಅಂದುಕೊಳ್ತಾರೆ ಅನ್ನಿಸ್ತು. ದನಿಯೂ ಸಣ್ಣದಿತ್ತು. ಎಲ್ಲರಿಗೂ ಮಾಡಿದ ಹಾಗೇ ಮಾಡಿದೆ... ಸಾಲಿಗಿಟ್ಟೆ. ನಿಜ ಹೇಳು ಅಣ್ಣ. ನೀನು ನನ್ನ ಜಾಗದಲ್ಲಿದ್ದಿದ್ದರೆ ಏನು ಮಾಡ್ತಿದ್ದೆ?"

ನಾನೂ ಆ ಸಾಲಿನ ಪಕ್ಕ ಹಾದು ಹೋಗಿದ್ದೆ. ಅದನ್ನು ಹೇಳಬೇಕಿತ್ತು. ಬಾಯಿ ತೆರೆದೆ.

ಠಣ್...

ಕಿವಿಯ ಕೈ ನನ್ನ ತೋಳು ಹಿಡಿಯಿತು.

ಠಣ್... ಠಣ್...

ಮನೆಯ ಆ ತುದಿಯಿಂದ. ನಡೆಯುವ ಸದ್ದಿಲ್ಲ. ಹೆಂಚಿನ ಮೇಲೆ ಭಾರ ಬಿದ್ದರೆ ಕರಕರ ಅನ್ನಬೇಕು. ಅನ್ನಲಿಲ್ಲ. ಬರೀ ತಟ್ಟು. ಒಂದು ತಟ್ಟು... ಕೇಳಿಸಿಕೊಳ್ಳುವಷ್ಟು ಹೊತ್ತು... ಇನ್ನೊಂದು. ಅವಸರ ಇಲ್ಲ. ಅಡುಗೆಮನೆ ದಾಟಿತು. ನಡುಮನೆಯ ತೊಲೆ ದಾಟಿತು. ನಮ್ಮ ಕಾಲಿನ ಮೇಲೆ ಬಂತು.

ಠಣ್...

ಹೊಟ್ಟೆಯ ಮೇಲೆ.

ಠಣ್...

"ಮುಂದಿನದು ನಂದು," ಅಂದ ಕಿವಿ. ಪಿಸುಮಾತಲ್ಲಿ. ಹೆದರಿದವನ ದನಿ ಅಲ್ಲ ಅದು. ಸುಸ್ತಾದವನ ದನಿ.

ನಾನು ಎದ್ದು ಕೂತೆ. ಮೇಲೆ ನೋಡಿ ಮಾತಾಡಿದೆ. ಮನೆಯಲ್ಲಿ ಅವಳ ಜೊತೆ ಹೇಗೆ ಮಾತಾಡುತ್ತಿದ್ದೆನೋ ಹಾಗೆ.

"ಲೇ... ನಾನೂ ಇಲ್ಲಿದ್ದೀನಿ."

ಸದ್ದು ನಿಂತಿತು.

"ತಪ್ಪು ಅವನದಲ್ಲ. ಅವನು ಲಾರಿಯಲ್ಲಿ ಒಂದು ಜಾಗ ಬಿಟ್ಟಿದ್ದ. ಅದರಲ್ಲಿ ಕೂತವನು ನಾನು."

ಗಾಳಿಯೂ ಇರಲಿಲ್ಲ.

"ನೀನು ಬಾವಿ ಹತ್ತಿರ ಇದ್ದೆ ಅಂದುಕೊಂಡೆ ಅಂತ ಎಲ್ಲರಿಗೂ ಹೇಳಿದ್ದೀನಿ. ಸುಳ್ಳು. ನಿನ್ನ ಡಬ್ಬಿ ಅಲ್ಲೇ ಮಣ್ಣಲ್ಲಿ ಬಿದ್ದಿತ್ತು. ಮುಚ್ಚಳ ತೆರೆದಿತ್ತು. ನೋಡಿದೆ. ನೀನು ಹೋಗಿಲ್ಲ ಅಂತ ಗೊತ್ತಾಯ್ತು. ಆ ಸಾಲಲ್ಲಿ ಬಗ್ಗಿ ನೋಡಿದರೆ ನೀನೇ ಇರ್ತೀಯ ಅಂತ ಗೊತ್ತಾಯ್ತು... ಅದಕ್ಕೇ ನೋಡಲಿಲ್ಲ. ಕಾಲು ಹಿಡೀರಿ ಅಂದಾಗ ಅದೇ ಸಾಕು ಅಂತ ಹತ್ತಿಬಿಟ್ಟೆ. ಬೇರೆ ಯಾರಾದರೂ ಹತ್ತಬಹುದಿತ್ತು. ಯಾರೂ ಹತ್ತದೇ ನಿನ್ನನ್ನೇ ಹತ್ತಿಸಬಹುದಿತ್ತು. ನನಗೂ ಗೊತ್ತು ಅಂತ ಇವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು."

ಪಕ್ಕದಲ್ಲಿ ಕಿವಿ ಉಸಿರು ಬಿಟ್ಟದ್ದು ಕೇಳಿಸಿತು.

ಮೇಲೆ ಏನೂ ಇಲ್ಲ. ತಟ್ಟಲಿಲ್ಲ. ಎಳೆಯಲಿಲ್ಲ. ಹೋಯಿತು ಅಂದುಕೊಂಡೆ. ಮಲಗಿದೆ.

ಆಗ ನನ್ನ ಎದೆಯ ಮೂಳೆಯ ಮೇಲೆ ಎರಡು ಬೆರಳು.

ಒಂದೇ ಸಲ ತಟ್ಟಿತು. ತಣ್ಣಗಿರಲಿಲ್ಲ. ಬಿಸಿಯೂ ಇರಲಿಲ್ಲ. ಕಲಸಿದ ಮಣ್ಣಿನಷ್ಟು. ಸದ್ದೂ ಬಂತು, ನನ್ನ ಒಳಗಿಂದ. ಆದರೆ ನಮ್ಮ ಸದ್ದು ನಮಗೆ ಸರಿಯಾಗಿ ಕೇಳುವುದಿಲ್ಲ. ಎಂಥ ಸದ್ದು ಅಂತ ನನಗೆ ತಿಳಿಯಲಿಲ್ಲ.

ಕೇಳಿಸಿಕೊಳ್ಳುವಷ್ಟು ಹೊತ್ತು ಆ ಬೆರಳು ಅಲ್ಲೇ ಇತ್ತು. ಆಮೇಲೆ ಇರಲಿಲ್ಲ.

"ಕಿವಿ."

"ಅಣ್ಣ."

"ಕೇಳಿಸ್ತಾ?"

"ಕೇಳಿಸ್ತು."

"ಹೇಗಿತ್ತು?"

"ಮಲಗಣ್ಣ," ಅಂದ. ತನ್ನ ಹೊದಿಕೆ ತೆಗೆದು ನನಗೆ ಹೊದಿಸಿದ. ತಲೆಯ ಕೆಳಗೆ ಕೈಯಿಟ್ಟು, ಎತ್ತಿ, ದಿಂಬು ಸರಿಮಾಡಿದ. ಮೆತ್ತಗೆ ಮಾಡಿದ.

ಅದು ಎಂಥ ಸದ್ದು ಅಂತ ಇವತ್ತಿನವರೆಗೂ ಹೇಳಿಲ್ಲ. ಎಷ್ಟೋ ಸಲ ಕೇಳಿದ್ದೇನೆ. ನಗುವಾಗ ಕೇಳಿದ್ದೇನೆ, ಸಿಟ್ಟು ಮಾಡಿ ಕೇಳಿದ್ದೇನೆ. ಚಹಾ ಆರುತ್ತೆ ಕುಡಿ ಅನ್ನುತ್ತಾನೆ.

ಬೆಳಿಗ್ಗೆ ಅವನ ಅಂಗಳದಲ್ಲಿ ನಾಲ್ಕೇ ಹೆಂಚು. ಐದನೆಯದು ಅವನ ತಲೆಯ ಮೇಲೆ ಅದರ ಜಾಗದಲ್ಲೇ ಇತ್ತು. ಅವನು ಏಣಿ ಹಾಕಿ ತಟ್ಟಿ ನೋಡಿದ. ಗಟ್ಟಿ. ಆಮೇಲೆ, ಮೂರು ದಿನದ ಮೇಲೆ ಉಂಡ.

ನಾನು ಅಲ್ಲಿಂದ ಸೀದಾ ಕಾರ್ಖಾನೆಗೆ ಹೋದೆ. ಮೇಸ್ತ್ರಿ ಇದ್ದ, ಡ್ರೈವರು ಇದ್ದ, ಓಣಿಯ ಜನ ಇದ್ದರು. ಡಬ್ಬಿಯ ವಿಷಯ ಹೇಳಿದೆ. ಮೇಸ್ತ್ರಿ ನೆಲ ನೋಡಿದ. ಆ ದಿನದಿಂದ ಕಿವಿಯನ್ನು ಯಾರೂ ಹಾಗೆ ನೋಡುವುದಿಲ್ಲ. ನನ್ನನ್ನು ಸ್ವಲ್ಪ ನೋಡುತ್ತಾರೆ. ನೋಡಲಿ.

ಕಿವಿ ತಟ್ಟುವ ಕೆಲಸ ಬಿಟ್ಟ. ಈಗ ಅಚ್ಚಿನ ಹತ್ತಿರ ಇದ್ದಾನೆ.

ಆ ದಿನ ಪಾಳಿ ಮುಗಿಸಿ ನನ್ನ ಮನೆಗೆ ಬಂದೆ. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಬಾಗಿಲ ಪಕ್ಕ, ಗೋಡೆಗೆ ಒರಗಿ ಒಂದು ಹೆಂಚು ನಿಂತಿತ್ತು. ಒಳಗೆ ಹೋಗಿ ನೋಡಿದೆ. ನಾನು ಮಲಗುವ ಜಾಗದ ನೇರಕ್ಕೆ ಮಾಡಿನಲ್ಲಿ ಒಂದು ಹೆಂಚಿನಷ್ಟು ಆಕಾಶ.

ಕಿವಿ ಹೊಸ ಹೆಂಚು ತಂದ, ಏಣಿಯನ್ನೂ ತಂದ. ಇರಲಿ ಬಿಡು ಅಂದೆ. ವಾಪಸ್ಸು ತೆಗೆದುಕೊಂಡು ಹೋದ.

ಅದಾಗಿ ಒಂದು ಮಳೆಗಾಲ ಕಳೆದಿದೆ. ಒಂದು ಸಲ ಎರಡು ದಿನ ಬಿಡದೆ ಸುರಿಯಿತು. ಅಂಗಳದಲ್ಲಿ ಮೊಣಕಾಲುದ್ದ ನೀರು. ನಾನು ಹಾಸಿಗೆಯನ್ನು ಸರಿಸಿಲ್ಲ. ಅಂಗಾತ ಮಲಗಿ ಮೇಲೆ ನೋಡಿದರೆ ಮಳೆ ಬೀಳುವುದು ಕಾಣುತ್ತದೆ, ಸದ್ದೂ ಕೇಳುತ್ತದೆ. ಹಾಸಿಗೆಯ ಮೇಲೆ ಇದುವರೆಗೆ ಒಂದು ಹನಿ ಬಿದ್ದಿಲ್ಲ. ಕಿವಿಯೂ ಅವನ ಹೆಂಡತಿಯೂ ಬಂದು ಕೈಯಿಟ್ಟು ನೋಡಿದ್ದಾರೆ. ಒಣಗೇ ಇದೆ.